ಅಪರೂಪದ ಪೋಲಿಷ್ ಅಡ್ಡಹೆಸರಿನ ಮೂಲ ಹುಡುಕುವುದು ಹೇಗೆ? ಎಣಿಕೆ ಮೊದಲು, ಅರ್ಥ ಕೊನೆಗೆ

1971ರಲ್ಲಿ ಮೈಸೂರಿನಲ್ಲಿ ಒಬ್ಬ ಪೋಲಿಷ್ ಮಹಿಳೆ ತೀರಿಕೊಂಡರು. ಹೆಸರು ವಾಂದಾ ಡಿನೋವ್ಸ್ಕಾ. ಅವರು ಭಾರತಕ್ಕೆ ಬಂದದ್ದು 1935ರಲ್ಲಿ. ಗಾಂಧೀಜಿ ಅವರಿಗೆ ಉಮಾದೇವಿ ಅಂತ ಹೆಸರಿಟ್ಟರು. ಭಗವದ್ಗೀತೆಯನ್ನು ಪೋಲಿಷ್‌ಗೆ ತಂದವರು ಇವರು. ಕೊನೆಯ ವರ್ಷಗಳನ್ನು ಟಿಬೆಟಿನ ನಿರಾಶ್ರಿತರಿಗಾಗಿ ದುಡಿಯುತ್ತಾ ಕಳೆದರು.

ಅವರ ಬಗ್ಗೆ ಓದುವಾಗ ನನ್ನ ತಲೆ ಹೊಕ್ಕಿದ್ದು ಅವರ ಅಡ್ಡಹೆಸರು. ಡಿನೋವ್ಸ್ಕಾ ಅಂದರೇನು? ಪೋಲಿಷ್ ನಿಘಂಟು ತೆಗೆದೆ. ‘ಡಿನ್ಯಾ’ ಅಂದರೆ ಕುಂಬಳಕಾಯಿ ಅಂತ ಇತ್ತು. ಆಹಾ, ಕುಂಬಳಕಾಯಿ ಮನೆತನ! ನಮ್ಮ ಧಾರವಾಡದ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಅಡ್ಡಹೆಸರು ಇರುವಾಗ ಇದೇನು ಮಹಾ ಅಂದುಕೊಂಡೆ. ಎರಡು ದಿನ ಅದೇ ಖುಷಿಯಲ್ಲಿ ಕಳೆದೆ. ಆಮೇಲೆ ಗೊತ್ತಾಯಿತು, ಅದು ಶುದ್ಧ ತಪ್ಪು.

ತಪ್ಪಾಗಿದ್ದು ನಿಘಂಟಿನಿಂದಲ್ಲ, ನಾನು ಶುರು ಮಾಡಿದ ಜಾಗದಿಂದ. ಹೆಸರು ಕೇಳಿದ ಕೂಡಲೇ ಎಲ್ಲರೂ ಅರ್ಥಕ್ಕೆ ಕೈ ಹಾಕುತ್ತಾರೆ. ಪೋಲಿಷ್ ಹೆಸರಿಗೆ, ಅದರಲ್ಲೂ ಅಪರೂಪದ ಹೆಸರಿಗೆ, ಅದು ಹಿಮ್ಮುಖ ದಾರಿ. ಮೊದಲು ಸರಿಯಾದ ಅಕ್ಷರ, ಆಮೇಲೆ ತಲೆ ಎಣಿಕೆ, ಆಮೇಲೆ ಊರು, ಆಮೇಲೆ ಚರ್ಚಿನ ಪುಸ್ತಕ, ಅಂದರೆ ಜನನ, ಮದುವೆ, ಮರಣ ಬರೆದಿಟ್ಟ ದಾಖಲೆ. ಅರ್ಥ ಎಲ್ಲಕ್ಕಿಂತ ಕೊನೆಗೆ. ಈ ಬರಹ ಇರುವುದೂ ಅದೇ ಕ್ರಮದಲ್ಲಿ. ನಿಮ್ಮ ಕೈಯಲ್ಲಿರುವುದು ಪೋಲೆಂಡಿನಿಂದ ಬಂದ ಸೊಸೆಯ ಹೆಸರಾಗಿರಬಹುದು, ವ್ರೊತ್ಸ್ವಾಫ್‌ನಲ್ಲಿರುವ ಸಹೋದ್ಯೋಗಿಯ ಹೆಸರಾಗಿರಬಹುದು, ಹಳೇ ಸಮಾಧಿಯ ಕಲ್ಲಿನ ಮೇಲೆ ಕಂಡದ್ದಾಗಿರಬಹುದು. ದಾರಿ ಒಂದೇ.

ಮೊದಲ ಹೆಜ್ಜೆ: ಅಕ್ಷರ ಸರಿ ಮಾಡಿಕೊಳ್ಳಿ

ಪೋಲಿಷ್ ಬರೆಯುವುದು ಇಂಗ್ಲಿಷಿನ ಲಿಪಿಯಲ್ಲೇ. ಆದರೆ ಕೆಲವು ಅಕ್ಷರಕ್ಕೆ ಬಾಲ, ಚುಕ್ಕೆ, ಗೀಟು ಇರುತ್ತವೆ. ದೇಶ ದಾಟಿದ ಕೂಡಲೇ ಅವು ಉದುರಿಹೋಗುತ್ತವೆ. ಎಲ್ ಅಕ್ಷರಕ್ಕೆ ಅಡ್ಡಗೀಟು ಬಿದ್ದರೆ ಅದು ‘ವ’ ಥರ ಕೇಳುತ್ತದೆ. ಮೇರಿ ಕ್ಯೂರಿಯ ತವರಿನ ಹೆಸರು ಪೋಲಿಷ್ ಬಾಯಲ್ಲಿ ಸ್ಕ್ವೊಡೋವ್ಸ್ಕಾ. ಫ್ರಾನ್ಸಿಗೆ ಹೋದ ಮೇಲೆ ಗೀಟು ಹೋಯಿತು, ‘ಸ್ಕ್ಲೊಡೋವ್ಸ್ಕಾ’ ಆಯಿತು. ನಾವು ಶಾಲೆಯಲ್ಲಿ ಓದಿದ್ದೂ ಅದೇ ಗೀಟು ಕಳೆದುಕೊಂಡ ರೂಪ.

‘ಎ’ ಮತ್ತು ‘ಇ’ ಅಕ್ಷರಗಳ ಕೆಳಗೆ ಬಾಲ ಬಂದರೆ ಮೂಗಿನ ಉಚ್ಚಾರ. ಹೊರದೇಶದ ಗುಮಾಸ್ತರು ಅದನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. ಬಾಲದ ಎ ಇರುವ ದೊಂಬ್ರೋವ್ಸ್ಕಿ ಒಂದು ಕಡೆ ಓ-ಎಮ್ ಹಾಕಿಸಿಕೊಂಡಿತು, ಇನ್ನೊಂದು ಕಡೆ ಬರೀ ಎ ಆಗಿ ದಬ್ರೋವ್ಸ್ಕಿ ಆಯಿತು. ಇದಲ್ಲದೆ ಬರವಣಿಗೆ ಬೇರೆ, ಸದ್ದು ಒಂದೇ ಅನ್ನುವ ಜೋಡಿಗಳಿವೆ. ಗೀಟಿನ ಓ ಮತ್ತು ಯು, ಎರಡೂ ‘ಉ’. ಸಿ-ಎಚ್ ಮತ್ತು ಎಚ್, ಎರಡೂ ಒಂದೇ. ಆರ್-ಝೆಡ್ ಮತ್ತು ಚುಕ್ಕೆಯ ಝೆಡ್, ಎರಡೂ ಒಂದೇ. ಕಾಗುಣಿತ ಗಟ್ಟಿಯಾಗದ ಕಾಲದಲ್ಲಿ ಒಬ್ಬನೇ ಮನುಷ್ಯನ ಹೆಸರನ್ನು ಮದುವೆಯ ಪುಸ್ತಕದಲ್ಲಿ ಒಂದು ಥರ, ಸಾವಿನ ಪುಸ್ತಕದಲ್ಲಿ ಇನ್ನೊಂದು ಥರ ಬರೆದಿರುತ್ತಾರೆ.

1772, 1793, 1795ರಲ್ಲಿ ಪೋಲೆಂಡನ್ನು ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡವು (1793ರ ಸಲ ಆಸ್ಟ್ರಿಯಾ ಇರಲಿಲ್ಲ). ಹೆಸರುಗಳೂ ಹಂಚಿಹೋದವು. ಜರ್ಮನ್ ಕೈಗೆ ಸಿಕ್ಕ ‘ಶ’ಕಾರ ಎಸ್-ಸಿ-ಎಚ್ ಆಯಿತು. ರಷ್ಯನ್ ಲಿಪಿಯಲ್ಲಿ ‘ಹ’ ಇಲ್ಲ, ಹಾಗಾಗಿ ‘ಹ’ ಹೋಗಿ ‘ಗ’ ಬಂತು. ಲಾಟ್ವಿಯಾದಲ್ಲಿ ಗಂಡಸಿನ ಹೆಸರಿನ ಕೊನೆಯ ‘ಸ್ಕಿ’ಗೆ ಎಸ್ ಸೇರಿ ‘ಸ್ಕಿಸ್’ ಆಗುತ್ತದೆ. ಅಮೆರಿಕಕ್ಕೆ ಹೋದವರ ಮನೆಗಳಲ್ಲಿ ‘ಎಲ್ಲಿಸ್ ದ್ವೀಪದ (ನ್ಯೂಯಾರ್ಕಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಠಾಣೆ) ಅಧಿಕಾರಿ ನಮ್ಮ ಹೆಸರು ಕೆಡಿಸಿದ’ ಅಂತ ಒಂದು ಕತೆ ಇದ್ದೇ ಇರುತ್ತದೆ. ನಂಬಬೇಡಿ. ಅಲ್ಲಿಯವರ ಕೈಯಲ್ಲಿದ್ದದ್ದು ಹಡಗು ಹತ್ತುವಾಗಲೇ ಬರೆದು ತಂದ ಪಟ್ಟಿ. ಹೆಸರು ಬದಲಾದದ್ದು ಹೆಚ್ಚಾಗಿ ಆಮೇಲೆ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ, ಪೌರತ್ವದ ಅರ್ಜಿಯಲ್ಲಿ. ಎಷ್ಟೋ ಸಲ ಅವರೇ ಬದಲಾಯಿಸಿಕೊಂಡದ್ದು.

ಈಗ ಒಂದು ಹಾಳೆ ತೆಗೆದುಕೊಂಡು ನಿಮ್ಮ ಹೆಸರಿಗೆ ಸಾಧ್ಯವಿರುವ ಎಲ್ಲ ರೂಪ ಬರೆಯಿರಿ. ಹತ್ತು ಹನ್ನೆರಡು ಬಂದರೆ ಗಾಬರಿ ಬೇಡ. ಫೋನಿನ ಕೀಬೋರ್ಡಿಗೆ ಪೋಲಿಷ್ ಸೇರಿಸಿಕೊಳ್ಳಿ. ಎಲ್ ಒತ್ತಿ ಹಿಡಿದರೆ ಗೀಟಿನ ಎಲ್ ಬರುತ್ತದೆ.

ಎರಡನೇ ಹೆಜ್ಜೆ: ಹೆಣ್ಣು ರೂಪ, ಗಂಡು ರೂಪ

ಇಲ್ಲಿ ಎಡವದವರೇ ಕಡಿಮೆ. ಗಂಡ ಡಿನೋವ್ಸ್ಕಿ, ಹೆಂಡತಿ ಡಿನೋವ್ಸ್ಕಾ, ಮಗಳೂ ಡಿನೋವ್ಸ್ಕಾ. ಸ್ಕಿ, ತ್ಸ್ಕಿ ಅಂತ ಮುಗಿಯುವ ಹೆಸರು ವ್ಯಾಕರಣದಲ್ಲಿ ಗುಣವಾಚಕ, ಹಾಗಾಗಿ ಲಿಂಗಕ್ಕೆ ತಕ್ಕಂತೆ ತಿರುಗುತ್ತದೆ. ‘ಉಮಾದೇವಿಯ ತಂದೆ ಡಿನೋವ್ಸ್ಕಾ’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ.

ಇವತ್ತು ನೋವಾಕ್ ಥರದ ಹೆಸರುಗಳು ತಿರುಗುವುದಿಲ್ಲ, ಗಂಡಸಿಗೂ ಹೆಂಗಸಿಗೂ ನೋವಾಕ್. ಆದರೆ ಹಳೇ ಪುಸ್ತಕದಲ್ಲಿ ನೋವಾಕನ ಹೆಂಡತಿ ನೋವಾಕೋವಾ, ಮದುವೆಯಾಗದ ಮಗಳು ನೋವಾಕೂವ್ನಾ. ಹೆಸರು ‘ಆ’ ಅಂತ ಮುಗಿದರೆ ಬಾಲ ಬೇರೆ. ಜರೆಂಬಾ ಅನ್ನುವವನ ಹೆಂಡತಿ ಜರೆಂಬಿನಾ, ಮಗಳು ಜರೆಂಬ್ಯಾಂಕಾ. ಇವನ್ನೆಲ್ಲ ಮೂರು ಬೇರೆ ಬೇರೆ ಅಡ್ಡಹೆಸರು ಅಂತ ಎಣಿಸಿಬಿಟ್ಟರೆ ಇದ್ದಕ್ಕಿದ್ದಂತೆ ‘ತುಂಬಾ ಅಪರೂಪದ’ ಮೂರು ಹೆಸರು ಹುಟ್ಟಿಕೊಳ್ಳುತ್ತವೆ. ಅವು ಒಂದೇ ಮನೆಯ ಮೂರು ಜನ ಅಷ್ಟೇ.

ಇನ್ನೊಂದು ರೂಪ ತಿಳಿದಿದ್ದರೆ ಅರ್ಧ ಕೆಲಸ ಆದ ಹಾಗೆ. ದಾಖಲೆಯಲ್ಲಿ ‘ಜ್ ಡಿನೋವ್ಸ್ಕಿಖ್’ ಅಂತ ಕಂಡರೆ ‘ಡಿನೋವ್ಸ್ಕಿಯವರ ಮನೆಯಿಂದ ಬಂದವಳು’ ಅಂತ ಅರ್ಥ. ಅಂದರೆ ಅದು ಹೆಂಗಸಿನ ತವರಿನ ಹೆಸರು. ಗುರುತು ತುಂಬಾ ಸುಲಭ, ‘ಜ್’ ಅನ್ನುವ ಒಂಟಿ ಅಕ್ಷರದ ಮುಂದೆ ‘ಇಖ್’ ಅಂತ ಮುಗಿಯುವ ಹೆಸರು.

ಮೂರನೇ ಹೆಜ್ಜೆ: ಇವತ್ತು ಎಷ್ಟು ಜನ?

ಪೋಲೆಂಡಿನಲ್ಲಿ ಪೆಸೆಲ್ ಅಂತ ಒಂದು ವ್ಯವಸ್ಥೆ ಇದೆ. ನಮ್ಮ ಆಧಾರ್ ಇದ್ದ ಹಾಗೆ, ಆದರೆ 1979ರಿಂದಲೇ ಇದೆ, ನಂಬರಿನಲ್ಲಿ 11 ಅಂಕಿ. ಆ ನೋಂದಣಿಯಿಂದ ತೆಗೆದ ಅಡ್ಡಹೆಸರುಗಳ ಪಟ್ಟಿಯನ್ನು ಸರಕಾರ ತನ್ನ ತೆರೆದ ಡೇಟಾ ತಾಣದಲ್ಲಿ ಉಚಿತವಾಗಿ ಹಾಕುತ್ತದೆ. ತಾಣದ ಹೆಸರು ‘ಡಾನೆ’, ಅಂದರೆ ಡೇಟಾ. ಡಿ-ಎ-ಎನ್-ಇ ಬರೆದು ಮುಂದೆ ಡಾಟ್ ಗವ್ ಡಾಟ್ ಪಿಎಲ್ ಸೇರಿಸಿ. ಗಂಡಸರಿಗೆ ಒಂದು ಫೈಲು, ಹೆಂಗಸರಿಗೆ ಇನ್ನೊಂದು. ಹೆಸರು, ಪಕ್ಕದಲ್ಲಿ ಸಂಖ್ಯೆ, ಅಷ್ಟೇ. ವಿಳಾಸವೂ ಇಲ್ಲ, ವಯಸ್ಸೂ ಇಲ್ಲ. ಯಾರ ಖಾಸಗಿತನಕ್ಕೂ ತೊಂದರೆ ಇಲ್ಲ.

ಎರಡೂ ಫೈಲು ಇಳಿಸಿಕೊಂಡು ಸ್ಪ್ರೆಡ್‌ಶೀಟಿನಲ್ಲಿ ತೆರೆಯಿರಿ. ಬಾಲ ಚುಕ್ಕೆಗಳ ಜಾಗದಲ್ಲಿ ವಿಚಿತ್ರ ಚಿಹ್ನೆ ಕಂಡರೆ ಫೈಲು ತೆರೆಯುವಾಗ ಯುಟಿಎಫ್-8 ಆರಿಸಿ. ಗಂಡು ರೂಪವನ್ನು ಒಂದರಲ್ಲಿ, ಹೆಣ್ಣು ರೂಪವನ್ನು ಇನ್ನೊಂದರಲ್ಲಿ ಹುಡುಕಿ, ಎರಡನ್ನೂ ಕೂಡಿಸಿ. ನಾನು ಮೊದಲ ಸಲ ಗಂಡಸರ ಫೈಲು ಮಾತ್ರ ನೋಡಿ ‘ಅಯ್ಯೋ ಇಷ್ಟೇ ಜನಾನಾ’ ಅಂದುಕೊಂಡಿದ್ದೆ. ಅರ್ಧ ಜನರನ್ನು ಮರೆತಿದ್ದೆ!

ಬಂದ ಸಂಖ್ಯೆಯನ್ನು ಸುಮ್ನೆ ನೋಡಿದರೆ ಏನೂ ತಿಳಿಯುವುದಿಲ್ಲ, ಹೋಲಿಸಬೇಕು. ಪೋಲೆಂಡಿನ ಜನಸಂಖ್ಯೆ ಸುಮಾರು 3.75 ಕೋಟಿ. ಅಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಅಡ್ಡಹೆಸರು ನೋವಾಕ್, ಸುಮಾರು 2 ಲಕ್ಷ ಜನ. ಅಂದರೆ ಸುಮಾರು 190 ಜನರಲ್ಲಿ ಒಬ್ಬರು. ಅದರ ಹಿಂದೆ ಕೊವಾಲ್ಸ್ಕಿ. ನಿಮ್ಮ ಹೆಸರಿನವರು 375 ಜನ ಇದ್ದರೆ ಲಕ್ಷಕ್ಕೆ ಒಬ್ಬರಾಯಿತು. ನನ್ನ ಲೆಕ್ಕದಲ್ಲಿ ಲಕ್ಷಕ್ಕೆ ಒಬ್ಬರಿಗಿಂತ ಕಡಿಮೆ ಇದ್ದರೆ ಅಪರೂಪ. ನೂರಕ್ಕಿಂತ ಕಡಿಮೆ ತಲೆ ಇದ್ದರೆ ಅವರೆಲ್ಲ ಒಂದೇ ಊರಿನ ಒಂದೆರಡು ಮನೆಯಿಂದ ಹರಡಿದವರಿರಬಹುದು ಅಂತ ಅನುಮಾನಿಸಿ ಕೆಲಸ ಮುಂದುವರಿಸಬಹುದು. ಇದು ನಿಯಮ ಅಲ್ಲ, ಕೆಲಸಕ್ಕೆ ಬರುವ ಅಂದಾಜು. ನೋವಾಕರಂತೂ ಒಬ್ಬರಿಗೊಬ್ಬರು ನೆಂಟರಲ್ಲ. ನೋವಾಕ್ ಅಂದರೆ ಊರಿಗೆ ಹೊಸದಾಗಿ ಬಂದವನು. ಹೊಸಬರು ಪ್ರತಿ ಊರಿಗೂ ಬರುತ್ತಾರೆ. ಹುಡುಕುವವನಿಗೆ ಅಪರೂಪದ ಹೆಸರೇ ವರ, ಅಲ್ವಾ?

ಒಂದು ಎಚ್ಚರಿಕೆ. ಪೆಸೆಲ್ ನಂಬರ್ ಪೋಲಿಷ್ ಪೌರರಿಗಷ್ಟೇ ಅಲ್ಲ, ಅಲ್ಲಿ ನೋಂದಾಯಿಸಿಕೊಂಡ ವಿದೇಶಿಯರಿಗೂ ಸಿಗುತ್ತದೆ. ಉಕ್ರೇನಿನ ಕಡೆಯ ಥರ ಕಾಣುವ ಹೆಸರಾದರೆ ಒಂದೇ ವರ್ಷದ ಪಟ್ಟಿ ನಂಬಿ ಕೂರಬೇಡಿ.

ನಾಲ್ಕನೇ ಹೆಜ್ಜೆ: ಯಾವ ಕಾಲದಲ್ಲಿ ಅಪರೂಪ?

ಇದೇ ಈ ಬರಹದ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಉಮಾದೇವಿಯವರ ಗೆಳೆಯರೊಬ್ಬರಿದ್ದರು, ಮಾರಿಸ್ ಫ್ರಿಡ್‌ಮನ್. ವಾರ್ಸಾದ ಯಹೂದಿ ಎಂಜಿನಿಯರ್. 1930ರ ದಶಕದಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸರಕಾರದ ವಿದ್ಯುತ್ ಉಪಕರಣ ಕಾರ್ಖಾನೆ ನಡೆಸಿದವರು. ಅವರ ಹೆಸರು ಜರ್ಮನ್ ಮೂಲದ್ದು, ‘ಶಾಂತಿಯ ಮನುಷ್ಯ’ ಅಂತ. ಜರ್ಮನಿಯಲ್ಲಿ ಐ-ಇ ಹಾಕಿ, ಕೊನೆಗೆ ಎರಡು ಎನ್ ಹಾಕಿ ಬರೆಯುತ್ತಾರೆ. ಪೋಲೆಂಡಿನಲ್ಲಿ ಅದು ವೈ ಹಾಕಿದ, ಒಂದೇ ಎನ್ ಇರುವ ಫ್ರಿಡ್‌ಮನ್. ಇವತ್ತಿನ ಪಟ್ಟಿ ನೋಡಿ ‘ಈ ಹೆಸರು ಪೋಲೆಂಡಿನಲ್ಲಿ ಅಪರೂಪ’ ಅಂತ ಬರೆದರೆ ಅದು ನಿಜ, ಆದರೆ ಭಯಂಕರವಾದ ಅರ್ಧ ನಿಜ. ಎರಡನೇ ಮಹಾಯುದ್ಧಕ್ಕೆ ಮೊದಲು ಪೋಲೆಂಡಿನಲ್ಲಿ 30 ಲಕ್ಷಕ್ಕೂ ಹೆಚ್ಚು ಯಹೂದಿಗಳಿದ್ದರು. ಅವರಲ್ಲಿ ಸುಮಾರು 30 ಲಕ್ಷ ಜನರನ್ನು ನಾಜಿಗಳು ಕೊಂದರು. ಹೆಸರು ಅಪರೂಪ ಆಗಿರಲಿಲ್ಲ, ಆ ಹೆಸರಿನವರನ್ನು ಇಲ್ಲವಾಗಿಸಿದರು.

ಯಹೂದಿ ಹೆಸರಿಗೆ ಹುಡುಕುವ ದಾರಿಯೂ ಸ್ವಲ್ಪ ಬೇರೆ. ಅವರಲ್ಲಿ ಹೆಚ್ಚಿನವರಿಗೆ ಕಾಯಂ ಅಡ್ಡಹೆಸರು ಬಂದದ್ದು ಸರಕಾರದ ಆಜ್ಞೆಯಿಂದ. ಆಸ್ಟ್ರಿಯಾದ ಪಾಲಿನಲ್ಲಿ 1787ರಲ್ಲಿ, ಪ್ರಷ್ಯಾ ನುಂಗಿದ ಭಾಗದಲ್ಲಿ 1797ರಲ್ಲಿ, ರಷ್ಯಾದ ಕೈಕೆಳಗಿದ್ದ ಪೋಲೆಂಡ್ ರಾಜ್ಯದಲ್ಲಿ 1821ರಲ್ಲಿ. ಅದಕ್ಕಿಂತ ಹಿಂದಕ್ಕೆ ಅಡ್ಡಹೆಸರು ಹಿಡಿದು ಹೋದರೆ ಗೋಡೆಗೆ ಹಣೆ ಬಡಿದ ಹಾಗೆ. ಅಲ್ಲಿಂದ ಆಚೆ ‘ಇಂಥವನ ಮಗ ಇಂಥವನು’ ಅಂತಲೇ ಹುಡುಕಬೇಕು.

ಹಾಗಾಗಿ ಎರಡನೇ ಎಣಿಕೆ ಬೇಕು. ಭಾಷಾಶಾಸ್ತ್ರಜ್ಞ ಕಾಜಿಮಿಯೆಜ್ ರಿಮುತ್ 1990ರ ಪೆಸೆಲ್ ಮಾಹಿತಿ ಇಟ್ಟುಕೊಂಡು ಹತ್ತು ಸಂಪುಟಗಳ ಅಡ್ಡಹೆಸರು ನಿಘಂಟು ಮಾಡಿದರು, ಬಂದದ್ದು 1992ರಿಂದ 1994ರವರೆಗೆ. ಪ್ರತಿ ಹೆಸರಿಗೂ ಒಟ್ಟು ಸಂಖ್ಯೆ, ಜೊತೆಗೆ ಅವತ್ತಿನ 49 ಪ್ರಾಂತ್ಯಗಳಲ್ಲಿ ಎಲ್ಲೆಲ್ಲಿ ಎಷ್ಟು ಜನ ಅನ್ನುವ ಲೆಕ್ಕ. ಈಗ ಪೋಲೆಂಡಿನಲ್ಲಿ ಪ್ರಾಂತ್ಯಗಳು 16 ಮಾತ್ರ. ಹಳೇ 49 ಪ್ರಾಂತ್ಯಗಳು ಚಿಕ್ಕವು, ಆದ್ದರಿಂದ ಈ ಹಳೇ ಲೆಕ್ಕವೇ ಹುಡುಕುವವರಿಗೆ ಜಾಸ್ತಿ ಉಪಯೋಗ.

ಆದರೆ ಅಲ್ಲೂ ಒಂದು ಮೋಸ ಇದೆ, 1945. ಯುದ್ಧ ಮುಗಿದಾಗ ಪೋಲೆಂಡ್ ಇಡಿಯಾಗಿ ಪಶ್ಚಿಮಕ್ಕೆ ಜರುಗಿತು. ಪೂರ್ವದ ಲ್ವೂಫ್, ವಿಲ್ನೊ ಕೈಬಿಟ್ಟವು. ಪಶ್ಚಿಮದಲ್ಲಿ ಜರ್ಮನರಿದ್ದ ವ್ರೊತ್ಸ್ವಾಫ್, ಶ್ಚೆಚಿನ್ ಸೇರಿದವು. ಪೂರ್ವದ ಪೋಲರು ಲಕ್ಷಗಟ್ಟಲೆ ರೈಲು ಹತ್ತಿ ಪಶ್ಚಿಮದ ಖಾಲಿ ಮನೆಗಳಿಗೆ ಬಂದರು. 1947ರಲ್ಲಿ ‘ಆಕ್ತ್ಸಿಯಾ ವಿಸ್ವಾ’ ಅನ್ನುವ ಕಾರ್ಯಾಚರಣೆ ನಡೆಸಿ, ಆಗ್ನೇಯ ಮೂಲೆಯ ಸುಮಾರು 1.4 ಲಕ್ಷ ಉಕ್ರೇನಿಯನ್ನರು ಮತ್ತು ಲೆಮ್ಕೊ ಜನರನ್ನು ಎಬ್ಬಿಸಿ ಉತ್ತರ, ಪಶ್ಚಿಮಕ್ಕೆ ಸಾಗಿಸಿದರು. ನಿಮ್ಮ ಹೆಸರಿನವರು ವ್ರೊತ್ಸ್ವಾಫ್ ಸುತ್ತ ಗುಂಪಾಗಿ ಕಂಡರೆ ‘ಮೂಲ ವ್ರೊತ್ಸ್ವಾಫ್’ ಅನ್ನಬೇಡಿ. ಅದು ಅಜ್ಜ ರೈಲಿನಿಂದ ಇಳಿದ ಜಾಗ. ಹತ್ತಿದ ಜಾಗ ಇವತ್ತಿನ ಉಕ್ರೇನಿನಲ್ಲಿರಬಹುದು. ಹೆಸರು ಪೂರ್ವ ಗಡಿಯ ಕಡೆ ಅಥವಾ ಕ್ರಾಕುವ್ ಸುತ್ತಲಿನ ಹಳ್ಳಿಗಳಲ್ಲಿ ದಟ್ಟವಾಗಿ ಕಂಡರೆ ಮಾತ್ರ ನಕ್ಷೆಯನ್ನು ಸ್ವಲ್ಪ ನಂಬಬಹುದು.

ನಮ್ಮ ನೆರೆಯಲ್ಲೇ ಇದಕ್ಕೊಂದು ಉದಾಹರಣೆ ಇದೆ. ಬೆಳಗಾವಿಯಿಂದ ದೂರವೇನಲ್ಲದ ಕೊಲ್ಹಾಪುರದ ಪಕ್ಕ, ವಳಿವಡೆಯಲ್ಲಿ 1943ರಿಂದ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರ ಶಿಬಿರ ಇತ್ತು. ಸೋವಿಯತ್ ಸರಕಾರ ಪೂರ್ವ ಪೋಲೆಂಡಿನಿಂದ ಸೈಬೀರಿಯಾ, ಕಜಕಸ್ತಾನದ ಕಡೆಗೆ ಅಟ್ಟಿದ್ದ ಜನ, ಇರಾನ್ ಮೂಲಕ ಇಲ್ಲಿಗೆ ಬಂದವರು. ಯುದ್ಧ ಮುಗಿದ ಮೇಲೆ ಬಹಳ ಮಂದಿ ಬ್ರಿಟನ್ನಿನ ಕಡೆ ಹೋದರು. ಅಂಥ ಮನೆತನದ ಹೆಸರು ಇವತ್ತಿನ ಪೋಲೆಂಡಿನ ಪಟ್ಟಿಯಲ್ಲಿ ಇಲ್ಲದೇ ಇದ್ದರೂ ಆಶ್ಚರ್ಯ ಇಲ್ಲ.

ಐದನೇ ಹೆಜ್ಜೆ: ಹೆಸರಿನ ಬಾಲ ನೋಡಿ

ಈಗ ಹೆಸರಿನ ರಚನೆ ನೋಡಬಹುದು. ಅರ್ಥ ಅಲ್ಲ, ರಚನೆ.

ಓವಿಚ್, ಎವಿಚ್ ಅಂತ ಮುಗಿದರೆ ‘ಇಂಥವನ ಮಗ’. ಕವಿ ಆದಮ್ ಮಿತ್ಸ್ಕ್ಯೇವಿಚ್ ಅವರ ಹೆಸರು ದಿಮಿತ್ರಿ ಅನ್ನುವುದರ ಮುದ್ದಿನ ರೂಪ ಮಿತ್ಸ್ಕಾದಿಂದ ಬಂದದ್ದು. ಈ ಬಾಲ ಪೂರ್ವದ ಕಡೆ ಹೆಚ್ಚು. ಆಕ್ ಅಂತ ಮುಗಿಯುವುದು ಪಶ್ಚಿಮದ ಪೋಜ್ನಾನ್ ಕಡೆ ಹೆಚ್ಚು, ಉಕ್ ಅಂತ ಮುಗಿಯುವುದು ಉಕ್ರೇನ್, ಬೆಲಾರುಸ್ ಗಡಿಯ ಕಡೆ. ಕಸುಬಿನ ಹೆಸರುಗಳಂತೂ ನಮಗೆ ಅಪರಿಚಿತ ಅಲ್ಲ. ಕೊವಾಲ್ ಅಂದರೆ ಕಮ್ಮಾರ, ಬೆದ್ನಾಶ್ ಅಂದರೆ ಪೀಪಾಯಿ ಮಾಡುವವನು, ಕೊವೊಜೇಯ್ ಅಂದರೆ ಗಾಡಿಯ ಗಾಲಿ ಮಾಡುವ ಬಡಿಗೇರ. ವಿಲ್ಕ್ ತೋಳ, ಜಾಯೊಂತ್ಸ್ ಮೊಲ, ವ್ರೂಬೆಲ್ ಗುಬ್ಬಿ.

ಸ್ಕಿ ಬಾಲದ ಹೆಸರು ಮೊದಲಿಗೆ ಊರನ್ನು ತೋರಿಸುತ್ತಿತ್ತು. ಇಂಥ ಹಳ್ಳಿಯ ಒಡೆಯ ಅಂತ. ಆಮೇಲೆ ಆ ಬಾಲಕ್ಕೆ ಒಂದು ಘನತೆ ಬಂತು, ಎಲ್ಲರಿಗೂ ಬೇಕಾಯಿತು. ಕಮ್ಮಾರನ ಮಗ ಕೊವಾಲ್ಸ್ಕಿ ಆದ, ನೋವಾಕನ ಮಗ ನೋವಾಕೋವ್ಸ್ಕಿ ಆದ. ಆದ್ದರಿಂದ ‘ಸ್ಕಿ ಇದೆ, ನಾವು ಜಮೀನ್ದಾರರ ವಂಶ’ ಅನ್ನುವ ಮಾತು ಕೇಳಿದರೆ ನಕ್ಕು ಸುಮ್ಮನಾಗಿ. ಹಾಗೆಯೇ ಅಡ್ಡಹೆಸರಿಗೆ ಲಾಂಛನ ಮಾರುವವರ ಹತ್ತಿರ ದುಡ್ಡು ಕಳೆಯಬೇಡಿ. ಪೋಲೆಂಡಿನಲ್ಲಿ ಒಂದೇ ಲಾಂಛನವನ್ನು ಎಷ್ಟೋ ಬೇರೆ ಬೇರೆ ಮನೆತನಗಳು ಹಂಚಿಕೊಂಡಿದ್ದವು, ಒಂದೇ ಅಡ್ಡಹೆಸರಿನ ಎರಡು ಮನೆತನಗಳಿಗೆ ಬೇರೆ ಬೇರೆ ಲಾಂಛನ ಇರುತ್ತಿತ್ತು.

ಆರನೇ ಹೆಜ್ಜೆ: ಊರುಗಳ ಪಟ್ಟಿ, ವ್ಯಾಕರಣದ ಜರಡಿ

ಸ್ಕಿ ಬಾಲ ಇದ್ದರೆ ಹೊಂದುವ ಎಲ್ಲ ಊರುಗಳನ್ನೂ ಪಟ್ಟಿ ಮಾಡಿ. ಇದಕ್ಕೆ 1880ರಿಂದ 1902ರವರೆಗೆ ವಾರ್ಸಾದಲ್ಲಿ ಅಚ್ಚಾದ ‘ಪೋಲೆಂಡ್ ರಾಜ್ಯ ಮತ್ತು ಇತರ ಸ್ಲಾವಿಕ್ ನಾಡುಗಳ ಭೌಗೋಳಿಕ ನಿಘಂಟು’ ಬಹಳ ಒಳ್ಳೆಯದು. ಸಣ್ಣ ಸಣ್ಣ ಹಳ್ಳಿಯೂ ಇದೆ, ಆನ್‌ಲೈನಿನಲ್ಲಿ ಉಚಿತ. ಗೂಗಲ್ ನಕ್ಷೆಯಲ್ಲಿ ಕಾಣದ, 1945ರ ನಂತರ ಹೆಸರು ಬದಲಾದ ಊರೂ ಅಲ್ಲಿ ಸಿಗುತ್ತದೆ.

ಡಿನೋವ್ಸ್ಕಿಯನ್ನೇ ಜರಡಿ ಹಿಡಿಯೋಣ. ಕುಂಬಳಕಾಯಿ ‘ಡಿನ್ಯಾ’, ಅದರ ಗುಣವಾಚಕ ‘ಡಿನ್ಯೋವಿ’. ಅದರಿಂದ ಹೆಸರು ಹುಟ್ಟಿದ್ದರೆ ಡಿನ್ಯೋವ್ಸ್ಕಿ ಆಗಬೇಕಿತ್ತು. ನಮ್ಮ ಹೆಸರಲ್ಲಿರುವುದು ‘ನೋ’, ‘ನ್ಯೋ’ ಅಲ್ಲ. ಕನ್ನಡದಲ್ಲಿ ಬರೆದರೆ ಈ ವ್ಯತ್ಯಾಸ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ. ಎರಡು ದಿನ ನನಗೇ ಕಾಣಲಿಲ್ಲ, ಆ ಮಾತು ಬೇರೆ.

ಎರಡನೇ ಅನುಮಾನ ಇನ್ನೂ ಚೆಂದದ್ದು. ವಾಂದಾ ಹುಟ್ಟಿದ್ದು 1888ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಬಾಲ್ಯ ಕಳೆದದ್ದು ಇವತ್ತಿನ ಲಾಟ್ವಿಯಾದ ಲಾಟ್ಗಾಲೆ ಸೀಮೆಯಲ್ಲಿದ್ದ ಕುಟುಂಬದ ಎಸ್ಟೇಟಿನಲ್ಲಿ. ಆ ಸೀಮೆಯ ದೊಡ್ಡ ಊರು ದೌಗಾವ್‌ಪಿಲ್ಸ್. ಪೋಲರು ಅದನ್ನು ಕರೆಯುತ್ತಿದ್ದದ್ದು ಡಿನೆಬುರ್ಗ್ ಅಂತ. ಡಿನ್, ಡಿನ್! ಸಿಕ್ಕೇಬಿಟ್ಟಿತು ಅನಿಸುತ್ತದೆ. ಆದರೆ ಡಿನೆಬುರ್ಗಿನ ಗುಣವಾಚಕ ‘ಡಿನೆಬುರ್ಸ್ಕಿ’. ಡಿನೋವ್ಸ್ಕಿ ಆಗುವುದಿಲ್ಲ.

ಮೂರನೆಯದು ದಕ್ಷಿಣ ಪೋಲೆಂಡಿನಲ್ಲಿ ಸಾನ್ ನದಿಯ ದಡದ ಸಣ್ಣ ಪಟ್ಟಣ ಡಿನುವ್. ಊರಿನ ಹೆಸರಲ್ಲಿ ‘ಉ’, ಅಡ್ಡಹೆಸರಲ್ಲಿ ‘ಓ’, ಹೇಗೆ ಅಂತ ಕೇಳಬಹುದು. ಪೋಲಿಷ್‌ನಲ್ಲಿ ಅದು ಮಾಮೂಲು. ಕ್ರಾಕುವ್ ಊರು, ಕ್ರಾಕೋವ್ಸ್ಕಿ ಗುಣವಾಚಕ. ಡಿನುವ್ ಸುತ್ತಲಿನ ಬೆಟ್ಟದ ಸಾಲಿಗೆ ಇವತ್ತಿಗೂ ‘ಪೊಗೂಜೆ ಡಿನೋವ್ಸ್ಕಿಯೆ’ ಅಂತಲೇ ಹೆಸರು. ವ್ಯಾಕರಣ ಸರಿಯಾಗಿ ಕೂತಿತು. ಆದರೆ ಲಾಟ್ಗಾಲೆಗೂ ಡಿನುವ್‌ಗೂ ಮಧ್ಯೆ ಸುಮಾರು 800 ಕಿಲೋಮೀಟರ್. 1772ರವರೆಗೆ ಎರಡೂ ಒಂದೇ ದೊಡ್ಡ ರಾಜ್ಯದ ಒಳಗಿದ್ದವು, ಹಾಗಾಗಿ ಒಂದು ಮನೆತನ ಅಷ್ಟು ದೂರ ಹೋಗಿರುವುದು ಅಸಾಧ್ಯವಲ್ಲ. ಅಸಾಧ್ಯವಲ್ಲ ಅನ್ನುವುದು ಬೇರೆ, ಹೌದು ಅನ್ನುವುದು ಬೇರೆ. ಹೌದು ಅನ್ನುವುದಕ್ಕೆ ಕಾಗದ ಬೇಕು.

ಕಾಗದ ಸಿಕ್ಕ ಕತೆ ಹೇಗಿರುತ್ತದೆ ಅನ್ನುವುದಕ್ಕೆ ಮೇರಿ ಕ್ಯೂರಿಯ ತವರನ್ನೇ ನೋಡಿ. ಸ್ಕ್ವೊಡೋವ್ಸ್ಕಿ ಅಂದರೆ ಸ್ಕ್ವೊಡಿ ಊರಿನವರು. ಸ್ಕ್ವೊಡಿ ಇರುವುದು ವಾರ್ಸಾದ ಈಶಾನ್ಯಕ್ಕೆ, ಮಜೋವ್ಶೆ ಸೀಮೆಯಲ್ಲಿ. ಆದರೆ ಅದು ಒಂದು ಊರಲ್ಲ, ಹಳ್ಳಿಗಳ ಗೊಂಚಲು. ಸ್ಕ್ವೊಡಿ-ಪ್ಯೋತ್ರೋವಿತ್ಸೆ, ಸ್ಕ್ವೊಡಿ-ಸ್ತಾಖಿ, ಹೀಗೆ. ಆ ಕಡೆ ಸಣ್ಣ ಹಿಡುವಳಿಯ ಕುಲೀನರು ಜಾಸ್ತಿ. ಹೆಸರಿಗೆ ಕುಲೀನರು, ನೇಗಿಲು ತಾವೇ ಹಿಡಿಯುತ್ತಿದ್ದರು. ಪ್ಯೋತ್ರ್ ಅನ್ನುವವನ ಪಾಲು ಪ್ಯೋತ್ರೋವಿತ್ಸೆ, ಸ್ತಾಖ್ ಅನ್ನುವವನ ಪಾಲು ಸ್ತಾಖಿ. ಮೇರಿಯ ಅಜ್ಜ ಯುಜೆಫ್ 1804ರಲ್ಲಿ ಹುಟ್ಟಿದ್ದು ಸ್ಕ್ವೊಡಿ-ಪ್ಯೋತ್ರೋವಿತ್ಸೆಯಲ್ಲಿ. ಹೆಸರು ತೋರಿಸುವ ಊರು, ದಾಖಲೆ ತೋರಿಸುವ ಊರು, ಎರಡೂ ಒಂದೇ. ಆ ಹಳ್ಳಿಯ ಹೆಸರಿಗೆ ಏನರ್ಥ ಅನ್ನುವುದು ಇಲ್ಲಿ ಬೇಕೇ ಆಗಲಿಲ್ಲ, ಗಮನಿಸಿದಿರಾ?

ಏಳನೇ ಹೆಜ್ಜೆ: ಚರ್ಚಿನ ಪುಸ್ತಕ

ಮೊದಲು ಗೆನೆತೇಕಾ. ಪೋಲಿಷ್ ವಂಶಾವಳಿ ಸಂಘದ ಸ್ವಯಂಸೇವಕರು ಕಟ್ಟಿದ ಉಚಿತ ಸೂಚಿ. ನಕ್ಷೆಯಲ್ಲಿ ಪ್ರಾಂತ್ಯ ಒತ್ತಿ, ಅಡ್ಡಹೆಸರು ಹಾಕಿ. ಜನನ, ಮದುವೆ, ಮರಣ ಬೇರೆ ಬೇರೆ ಬರುತ್ತವೆ, ವರ್ಷ ಮತ್ತು ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಸೀಮೆ) ಸಹಿತ. ಕೆಲವಕ್ಕೆ ಮೂಲ ಪುಟದ ಸ್ಕ್ಯಾನ್ ಕೂಡ ಇರುತ್ತದೆ. ತಾಣ ತಾನೇ ಹತ್ತಿರದ ಹೆಸರುಗಳನ್ನೂ ಸೇರಿಸುತ್ತದೆ. ಅಪರೂಪದ ಹೆಸರಾದರೆ ‘ನಿಖರ ಹುಡುಕಾಟ’ ಆಯ್ಕೆಯನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು, ಎರಡೂ ಥರ ನೋಡಿ. ಎಲ್ಲ 16 ಪ್ರಾಂತ್ಯ ಮುಗಿಸಿ, ಜೊತೆಗೆ ಉಕ್ರೇನ್, ಬೆಲಾರುಸ್, ಲಿಥುವೇನಿಯಾದ ಭಾಗಗಳನ್ನೂ.

ಸಿಕ್ಕ ಸಂಖ್ಯೆಯನ್ನು ಜನಸಂಖ್ಯೆ ಅಂದುಕೊಳ್ಳಬೇಡಿ. ಒಂದು ಪ್ಯಾರಿಷ್‌ನಲ್ಲಿ 200 ವರ್ಷದ ಪುಸ್ತಕ ಸೂಚಿಯಾಗಿರುತ್ತದೆ, ಪಕ್ಕದ್ದರಲ್ಲಿ ಒಂದು ಪುಟವೂ ಇರುವುದಿಲ್ಲ. ನೋಡಬೇಕಾದ್ದು ಬೇರೆ. 1850ಕ್ಕಿಂತ ಹಿಂದಿನವನ್ನು ಮಾತ್ರ ಇಟ್ಟುಕೊಂಡು, ಯಾವ ಪ್ಯಾರಿಷ್ ಪದೇ ಪದೇ ಬರುತ್ತದೆ ನೋಡಿ. ಅದು ನಿಮ್ಮ ಗೂಡು.

ಆಮೇಲೆ ಮೂಲ ಪುಟ. ‘ಶುಕಾಯ್ ವ್ ಅರ್ಖಿವಾಖ್’, ಅಂದರೆ ‘ದಫ್ತರಗಳಲ್ಲಿ ಹುಡುಕು’, ಪೋಲೆಂಡಿನ ಸರಕಾರಿ ದಫ್ತರಗಳ ತಾಣ. ಜನನದ ದಾಖಲೆ 100 ವರ್ಷ, ಮದುವೆ ಮತ್ತು ಮರಣದ್ದು 80 ವರ್ಷ ಸ್ಥಳೀಯ ನೋಂದಣಿ ಕಚೇರಿಯಲ್ಲೇ ಇರುತ್ತವೆ, ಆಮೇಲೆ ದಫ್ತರಕ್ಕೆ ಬರುತ್ತವೆ. ಪೂರ್ವದ ಕಳೆದುಹೋದ ಸೀಮೆಯ ಬಹಳಷ್ಟು ಪುಸ್ತಕ ವಾರ್ಸಾದ ಹಳೆಯ ದಾಖಲೆಗಳ ಮುಖ್ಯ ದಫ್ತರದಲ್ಲಿವೆ. ಲಾಟ್ವಿಯಾದ ಪುಸ್ತಕಗಳಿಗೆ ‘ರಾದುರಾಕ್ಸ್ತಿ’ ಅನ್ನುವ ಅಲ್ಲಿನ ತಾಣ ಇದೆ. ಡಿನೋವ್ಸ್ಕಿಗಳನ್ನು ಹುಡುಕುವವರು ಹೋಗಬೇಕಾದ್ದು ಅಲ್ಲಿಗೆ.

ಪುಟ ತೆರೆದಾಗ ಯಾವ ಭಾಷೆ ಕಾಣುತ್ತದೆ ಅನ್ನುವುದು ಯಾರ ಪಾಲಿನ ಊರು ಅನ್ನುವುದರ ಮೇಲೆ ನಿಂತಿದೆ. ಆಸ್ಟ್ರಿಯಾದ ಪಾಲಾದರೆ ಲ್ಯಾಟಿನ್, ಕಾಲಂ ಹಾಕಿದ ಪಟ್ಟಿ, ಜೊತೆಗೆ ಮನೆಯ ನಂಬರ್. ಆ ಮನೆ ನಂಬರ್ ಬಿಡಬೇಡಿ, ಒಂದೇ ಹೆಸರಿನ ಇಬ್ಬರು ಯಾನ್‌ಗಳನ್ನು ಬೇರೆ ಮಾಡುವುದು ಅದೇ. ವಾರ್ಸಾ ಸುತ್ತಲಿನ ಭಾಗದಲ್ಲಿ 1808ರಿಂದ ನೆಪೋಲಿಯನ್ ಕಾನೂನಿನ ಪ್ರಕಾರ ಪೋಲಿಷ್‌ನಲ್ಲಿ ಕತೆ ಹೇಳಿದ ಹಾಗೆ ಉದ್ದಕ್ಕೆ ಬರೆಯುತ್ತಿದ್ದರು. ‘ಜಾವೊ ಶೆ’, ಅಂದರೆ ‘ಇದು ನಡೆದದ್ದು’, ಅಂತಲೇ ಎಷ್ಟೋ ದಾಖಲೆ ಶುರುವಾಗುತ್ತದೆ. 1868ರಿಂದ ಅದೇ ಪುಸ್ತಕಗಳು ರಷ್ಯನ್‌ಗೆ ತಿರುಗುತ್ತವೆ. ಹೆದರಬೇಡಿ, ಪಾದ್ರಿ ಬಹಳ ಸಲ ಪಕ್ಕದಲ್ಲಿ ಕಂಸ ಹಾಕಿ ಹೆಸರನ್ನು ಪೋಲಿಷ್‌ನಲ್ಲೂ ಬರೆದಿರುತ್ತಾನೆ. ಅಲ್ಲಿ ಎರಡು ತಾರೀಕು ಕಂಡರೆ ತಪ್ಪಲ್ಲ. ಒಂದು ರಷ್ಯಾದ ಹಳೇ ಪಂಚಾಂಗದ್ದು, ಇನ್ನೊಂದು ನಮಗೆ ಗೊತ್ತಿರುವುದು. 19ನೇ ಶತಮಾನದಲ್ಲಿ ಎರಡಕ್ಕೂ 12 ದಿನದ ಅಂತರ.

ಎರಡು ಹೆಸರಿನ ನಡುವೆ ‘ವೆಲ್’ ಅಥವಾ ‘ಅಲಿಯಾಸ್’ ಕಂಡರೆ ಹಬ್ಬ. ‘ಕೊವಾಲ್ ವೆಲ್ ಕೊವಾಲ್ಸ್ಕಿ’ ಅಂದರೆ ಹೆಸರು ಬದಲಾಗುತ್ತಿರುವ ಹೊತ್ತಿಗೆ ಸರಿಯಾಗಿ ನೀವು ಹಾಜರಾಗಿದ್ದೀರಿ. ಬಹಳಷ್ಟು ರೈತರ ಅಡ್ಡಹೆಸರು ಗಟ್ಟಿಯಾದದ್ದೇ 18ನೇ ಶತಮಾನದ ಕೊನೆ, 19ನೇ ಶತಮಾನದ ಮೊದಲಲ್ಲಿ.

ಎಂಟನೇ ಹೆಜ್ಜೆ: ಈಗ ಅರ್ಥ ಕೇಳಿ

ಗೂಡು ಸಿಕ್ಕ ಮೇಲೆ ನಿಘಂಟು ತೆಗೆಯಿರಿ. ಕ್ರಾಕುವ್‌ನ ಪೋಲಿಷ್ ಭಾಷಾ ಸಂಸ್ಥೆಯ ಆನ್‌ಲೈನ್ ಅಡ್ಡಹೆಸರು ನಿಘಂಟು ಉಚಿತ, ಹೆಸರಿನ ಹುಟ್ಟನ್ನೂ ನಕ್ಷೆಯನ್ನೂ ಕೊಡುತ್ತದೆ. ರಿಮುತ್ ಅವರದೇ ಇನ್ನೊಂದು ಎರಡು ಸಂಪುಟದ ಪುಸ್ತಕ ಇದೆ, 1999 ಮತ್ತು 2001ರದ್ದು, ಅದು ಹುಟ್ಟಿಗೇ ಮೀಸಲು. ಒಂದೇ ಹೆಸರಿಗೆ ಎರಡು ಮೂರು ಮೂಲ ಕೊಟ್ಟಿದ್ದರೆ ನಿಮ್ಮ ಗೂಡಿನ ಪಕ್ಕದಲ್ಲಿ ಯಾವುದು ಹೊಂದುತ್ತದೆ ನೋಡಿ. ಅರ್ಥ ಮೊದಲೇ ನೋಡಿದ್ದರೆ ಈ ಆಯ್ಕೆ ಮಾಡುವುದಕ್ಕೆ ನಿಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ.

ಕಿವಿಯನ್ನು ಮಾತ್ರ ನಂಬಬೇಡಿ. ಪೋಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸೇನಾನಿ ತದೇಉಷ್ ಕೊಶ್ಚುಷ್ಕೊ ಹೆಸರು ಕೇಳಿದರೆ ‘ಕೊಶ್ಚ್’ ಅಂದರೆ ಮೂಳೆ, ‘ಕೊಶ್ಚುವ್’ ಅಂದರೆ ಚರ್ಚು, ಎರಡೂ ನೆನಪಾಗುತ್ತವೆ. ಎರಡೂ ಅಲ್ಲ. ಆ ಮನೆತನದ ಹಿರಿಯನೊಬ್ಬನ ಹೆಸರು ಕೊನ್‌ಸ್ತಾಂತಿ. ಮುದ್ದಿಗೆ ಕೊಸ್ತ್ಯುಷ್ಕೊ. 1509ರಲ್ಲಿ ರಾಜ ಒಂದನೇ ಸಿಗಿಸ್ಮಂಡ್ ಅವನಿಗೆ ಜಮೀನು ಕೊಟ್ಟ, ಆ ಮುದ್ದಿನ ಹೆಸರೇ ವಂಶಕ್ಕೆ ಅಂಟಿಕೊಂಡಿತು.

ಸಿಕ್ಕಿದ್ದನ್ನು ಬರೆದಿಡುವಾಗ ಯಾವುದು ಎಣಿಸಿದ್ದು, ಯಾವುದು ಓದಿದ್ದು, ಯಾವುದು ಊಹೆ ಅಂತ ಬೇರೆ ಬೇರೆ ಬರೆಯಿರಿ. ಪೆಸೆಲ್ ಸಂಖ್ಯೆಗೆ ವರ್ಷ ಹಾಕಿ, ಚರ್ಚಿನ ಪುಟಕ್ಕೆ ಪ್ಯಾರಿಷ್, ವರ್ಷ, ದಾಖಲೆಯ ನಂಬರ್ ಹಾಕಿ. ನನ್ನ ಪುಸ್ತಕದಲ್ಲಿ ಆ ಪುಟ ಈಗ ಹೀಗಿದೆ: ‘ಡಿನೋವ್ಸ್ಕಿ, ಹೆಣ್ಣು ರೂಪ ಡಿನೋವ್ಸ್ಕಾ. ಎಣಿಕೆ: ಎರಡೂ ಫೈಲು ಕೂಡಿಸಬೇಕು. ಊರು: ಡಿನುವ್, ವ್ಯಾಕರಣಕ್ಕೆ ಹೊಂದುತ್ತದೆ. ಲಾಟ್ಗಾಲೆಯ ಪ್ಯಾರಿಷ್ ಪುಸ್ತಕ: 1888ರಿಂದ ಹಿಂದಕ್ಕೆ ನೋಡುತ್ತಾ ಹೋಗಬೇಕು. ಡಿನೆಬುರ್ಗ್: ಹೊಂದುವುದಿಲ್ಲ. ಕುಂಬಳಕಾಯಿ: ಹೊಡೆದು ಹಾಕಿದೆ.’